ಹಣ ಕಳುಹಿಸುವ ಮುನ್ನ, ಕಳುಹಿಸಿದ ಮೇಲೆ: ಪಾವತಿ ವ್ಯವಸ್ಥೆಯನ್ನು ಅರಿತು ಬಳಸುವ ಬಗೆ

"ನನ್ನ ಅಕೌಂಟಿನಿಂದ ದುಡ್ಡು ಕಟ್ ಆಗಿದೆ, ಆದರೆ ಅವರಿಗೆ ಬಂದಿಲ್ಲ." ಬ್ಯಾಂಕಿನ ಶಾಖೆಗಳಲ್ಲಿ ಪದೇ ಪದೇ ಕೇಳಿಬರುವ ಈ ದೂರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ "ಎರಡು ದಿನ ನೋಡಿ, ವಾಪಸ್ ಬರುತ್ತೆ" ಎಂಬುದಷ್ಟೆ. ಉತ್ತರ ಬಹುಮಟ್ಟಿಗೆ ಸರಿಯೇ ಆದರೂ ಗ್ರಾಹಕನಿಗೆ ಅದರಿಂದ ಸಮಾಧಾನವಾಗುವುದಿಲ್ಲ. ಹಣ ಯಾವ ದಾರಿಯಲ್ಲಿ ಹೊರಟಿತು, ಎಲ್ಲಿ ನಿಂತಿದೆ, ಎಷ್ಟು ಹೊತ್ತಿನೊಳಗೆ ತಲುಪಬೇಕು ಅಥವಾ ಮರಳಬೇಕು ಎಂಬುದು ಅವನಿಗೆ ತಿಳಿದಿರುವುದಿಲ್ಲ. ಪಾವತಿಯ ಪ್ರತಿಯೊಂದು ದಾರಿಗೂ ಅದರದೇ ನಿಯಮ, ಗಡುವು ಮತ್ತು ದಂಡಗಳಿವೆ. ಅವನ್ನು ತಿಳಿದವರಿಗೆ ಬ್ಯಾಂಕಿನಲ್ಲಿ ಏನು ಕೇಳಬೇಕು, ಯಾವಾಗ ಕೇಳಬೇಕು ಎಂಬುದೂ ಗೊತ್ತಿರುತ್ತದೆ.

ಹೆಜ್ಜೆ 1: ಸಂದೇಶ ಬೇರೆ, ಹಣ ಬೇರೆ ಎಂಬುದನ್ನು ತಿಳಿದುಕೊಳ್ಳಿ

ಶಿರಸಿಯಲ್ಲಿ ಕೆನರಾ ಬ್ಯಾಂಕಿನ ಖಾತೆ ಇರುವ ಅಡಿಕೆ ವ್ಯಾಪಾರಿಯೊಬ್ಬರು ದಾವಣಗೆರೆಯ ಸ್ಟೇಟ್ ಬ್ಯಾಂಕ್ ಖಾತೆಯೊಂದಕ್ಕೆ 40,000 ರೂಪಾಯಿ ಕಳುಹಿಸುತ್ತಾರೆ ಎಂದುಕೊಳ್ಳೋಣ. ಕೆನರಾ ಬ್ಯಾಂಕು ಅವರ ಲೆಕ್ಕದಲ್ಲಿ 40,000 ಕಡಿಮೆ ಮಾಡುತ್ತದೆ, ಸ್ಟೇಟ್ ಬ್ಯಾಂಕು ಪಡೆಯುವವರ ಲೆಕ್ಕಕ್ಕೆ ಅಷ್ಟನ್ನೇ ಸೇರಿಸುತ್ತದೆ. ಇವೆರಡೂ ಆಯಾ ಬ್ಯಾಂಕಿನ ಸ್ವಂತ ಪುಸ್ತಕದೊಳಗಿನ ನಮೂದುಗಳು. ಇನ್ನೊಂದು ಬ್ಯಾಂಕಿನ ಗ್ರಾಹಕ ಕೊಡಬೇಕಾದ ಹಣವನ್ನು ಸ್ಟೇಟ್ ಬ್ಯಾಂಕು ತನ್ನ ಕೈಯಿಂದ ತುಂಬಿಕೊಡಲು ಬರುವುದಿಲ್ಲವಾದ್ದರಿಂದ, ಕೆನರಾ ಬ್ಯಾಂಕು ಸ್ಟೇಟ್ ಬ್ಯಾಂಕಿಗೆ ಆ ಮೊತ್ತವನ್ನು ಸಲ್ಲಿಸಲೇಬೇಕು. ಇದಕ್ಕಾಗಿ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇಟ್ಟಿರುತ್ತವೆ. ಕೊನೆಯ ಲೆಕ್ಕ ಚುಕ್ತಾ ಆಗುವುದು ಅಲ್ಲಿ.

ಹೀಗೆ ಪಾವತಿಯೊಂದರಲ್ಲಿ ಎರಡು ಕೆಲಸಗಳಿವೆ. ಯಾರಿಂದ ಯಾರಿಗೆ ಎಷ್ಟು ಎಂಬ ಸಂದೇಶವನ್ನು ಮುಟ್ಟಿಸುವುದು ಒಂದು. ಬ್ಯಾಂಕುಗಳು ತಮ್ಮೊಳಗಿನ ಬಾಕಿಯನ್ನು ತೀರಿಸಿಕೊಳ್ಳುವುದು, ಅಂದರೆ ಸೆಟಲ್‌ಮೆಂಟ್, ಇನ್ನೊಂದು. ನಿಮ್ಮ ಮೊಬೈಲಿಗೆ ಬರುವ "ಪಾವತಿ ಯಶಸ್ವಿಯಾಗಿದೆ" ಎಂಬ ಸಾಲು ಮೊದಲನೆಯ ಕೆಲಸದ ಸುದ್ದಿಯೇ ಹೊರತು ಎರಡನೆಯದರದ್ದಲ್ಲ.

ಬಾಕಿ ತೀರಿಸುವುದರಲ್ಲಿ ಮತ್ತೆ ಎರಡು ಕ್ರಮಗಳಿವೆ. ಪ್ರತಿಯೊಂದು ಪಾವತಿಯನ್ನೂ ಬಿಡಿಬಿಡಿಯಾಗಿ, ಪೂರ್ತಿ ಮೊತ್ತಕ್ಕೆ, ಆ ಕ್ಷಣವೇ ತೀರಿಸುವುದು ಒಂದು ಕ್ರಮ. ದೊಡ್ಡ ಮೊತ್ತಗಳನ್ನು ಕಳುಹಿಸುವ ಆರ್‌ಟಿಜಿಎಸ್ ವ್ಯವಸ್ಥೆ ನಡೆಯುವುದು ಹೀಗೆ. ಒಂದಿಷ್ಟು ಹೊತ್ತಿನ ಪಾವತಿಗಳನ್ನೆಲ್ಲ ಕೂಡಿ ಕಳೆದು, ಉಳಿದ ವ್ಯತ್ಯಾಸವನ್ನು ಮಾತ್ರ ತೀರಿಸುವುದು ಇನ್ನೊಂದು ಕ್ರಮ. ಒಂದು ಬ್ಯಾಂಕಿನ ಗ್ರಾಹಕರು ಮತ್ತೊಂದು ಬ್ಯಾಂಕಿನ ಗ್ರಾಹಕರಿಗೆ 80 ಕೋಟಿ ಕಳುಹಿಸಿ, ಅತ್ತಲಿಂದ 77 ಕೋಟಿ ಬಂದಿದ್ದರೆ, ರಿಸರ್ವ್ ಬ್ಯಾಂಕಿನ ಖಾತೆಗಳಲ್ಲಿ ಕದಲುವುದು 3 ಕೋಟಿ ಮಾತ್ರ. ಖಾತೆಯಿಂದ ಖಾತೆಗೆ ಹಣ ಕಳುಹಿಸುವ ನೆಫ್ಟ್, ಐಎಂಪಿಎಸ್, ಯುಪಿಐ, ಜೊತೆಗೆ ಚೆಕ್ ಕ್ಲಿಯರಿಂಗ್ ಎಲ್ಲವೂ ಈ ಎರಡನೆಯ ಕ್ರಮದವು. ಇದರಿಂದ ಬ್ಯಾಂಕುಗಳು ಕೈಯಲ್ಲಿ ಇಟ್ಟುಕೊಳ್ಳಬೇಕಾದ ನಗದಿನ ಭಾರ ಬಹಳ ಕಡಿಮೆಯಾಗುತ್ತದೆ. ಆದರೆ ಕೂಡಿ ಕಳೆಯುವ ಹೊತ್ತಿಗೆ ಒಂದು ಬ್ಯಾಂಕು ಕೈ ಎತ್ತಿದರೆ ಉಳಿದವರ ಗತಿಯೇನು ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ.

ಈ ಪ್ರಶ್ನೆ ಬರೀ ಊಹೆಯದ್ದಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ದಿನದ ವ್ಯವಹಾರ ಮುಗಿಯುವ ಹೊತ್ತಿಗೆ ಮುಚ್ಚಿಸಿದರು. ವಿದೇಶಿ ವಿನಿಮಯದ ವ್ಯವಹಾರದಲ್ಲಿ ಅದಕ್ಕೆ ಜರ್ಮನ್ ಮಾರ್ಕುಗಳನ್ನು ಆಗಲೇ ಕೊಟ್ಟಿದ್ದ ಬ್ಯಾಂಕುಗಳಿಗೆ ನ್ಯೂಯಾರ್ಕಿನಲ್ಲಿ ಡಾಲರ್ ಬರಬೇಕಿತ್ತು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಆ ಡಾಲರುಗಳು ಬರಲಿಲ್ಲ. ಬ್ಯಾಂಕಿಂಗ್ ನಿಯಂತ್ರಣದ ಬಾಸೆಲ್ ಸಮಿತಿ ಹುಟ್ಟಿದ್ದು ಆ ವರ್ಷದ ಇಂತಹ ಆಘಾತಗಳ ಹಿನ್ನೆಲೆಯಲ್ಲಿಯೇ. ನಮ್ಮಲ್ಲಿ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ ಜಾರಿಗೆ ಬಂದದ್ದು 2008ರ ಆಗಸ್ಟ್ 12ರಂದು. ಒಮ್ಮೆ ಲೆಕ್ಕ ಕೂಡಿ ಕಳೆದು ನಿಗದಿಯಾದ ಮೊತ್ತ ಅಂತಿಮ, ಅದನ್ನು ಹಿಂದೆ ತೆಗೆಯುವಂತಿಲ್ಲ ಎಂದು ಅದರ 23ನೇ ಕಲಮು ಹೇಳುತ್ತದೆ. ಜೊತೆಗೆ ಯುಪಿಐನಂತಹ ವ್ಯವಸ್ಥೆಗಳನ್ನು ನಡೆಸುವ ಎನ್‌ಪಿಸಿಐ ಪ್ರತಿ ಬ್ಯಾಂಕಿಗೂ ಇಷ್ಟರ ಮೇಲೆ ಬಾಕಿ ಬೆಳೆಯಬಾರದು ಎಂಬ ಮಿತಿ ಹಾಕಿ, ಖಾತರಿ ನಿಧಿಯೊಂದನ್ನೂ ಇಟ್ಟಿದೆ. ಗ್ರಾಹಕನ ಕಣ್ಣಿಗೆ ಬೀಳದ ಈ ಏರ್ಪಾಡು ಇಲ್ಲದಿದ್ದರೆ ಒಂದು ಬ್ಯಾಂಕು ಇನ್ನೊಂದರ ಮಾತನ್ನು ನಂಬಿ ತನ್ನ ಗ್ರಾಹಕನಿಗೆ ತಕ್ಷಣ ಜಮೆ ಮಾಡುತ್ತಿರಲಿಲ್ಲ.

ಹೆಜ್ಜೆ 2: ಮೊತ್ತ ಮತ್ತು ತುರ್ತು ನೋಡಿ ದಾರಿ ಆರಿಸಿ

ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ತಡವಿಲ್ಲದೆ ಕಳುಹಿಸಬೇಕಾದಾಗ, ಉದಾಹರಣೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಸಹಿ ಬೀಳುವ ಮೊದಲು ಹಣ ಮುಟ್ಟಿರಬೇಕಾದಾಗ, ಆರ್‌ಟಿಜಿಎಸ್ ಸೂಕ್ತ. 2004ರಲ್ಲಿ ಆರಂಭವಾದ ಈ ವ್ಯವಸ್ಥೆ 2020ರ ಡಿಸೆಂಬರ್ 14ರಿಂದ ಹಗಲಿರುಳೂ ನಡೆಯುತ್ತಿದೆ. ಸಂದೇಶ ತಲುಪಿದ 30 ನಿಮಿಷದೊಳಗೆ ಪಡೆಯುವ ಬ್ಯಾಂಕು ಜಮೆ ಮಾಡಬೇಕು. ಶಾಖೆಗೆ ಹೋಗಿ ಮಾಡಿಸಿದರೆ ಐದು ಲಕ್ಷದವರೆಗೆ ಗರಿಷ್ಠ 24.50 ರೂಪಾಯಿ, ಅದಕ್ಕೆ ಮೇಲ್ಪಟ್ಟರೆ ಗರಿಷ್ಠ 49 ರೂಪಾಯಿ, ಮೇಲೆ ತೆರಿಗೆ. ವ್ಯವಸ್ಥೆ ಹಗಲಿರುಳು ಇದ್ದರೂ ಶಾಖೆಯ ಕೌಂಟರು ಹಾಗಿಲ್ಲ ಎಂಬುದನ್ನು ನೆನಪಿಡಿ. ನೋಂದಣಿಯ ದಿನ ಮಧ್ಯಾಹ್ನ ಮೂರೂವರೆಗೆ ಅರ್ಜಿ ಹಿಡಿದು ಓಡುವುದಕ್ಕಿಂತ ಹಿಂದಿನ ದಿನವೇ ನೆಟ್‌ಬ್ಯಾಂಕಿಂಗ್‌ನಲ್ಲಿ ಪಡೆಯುವವರ ಖಾತೆಯನ್ನು ಸೇರಿಸಿಟ್ಟುಕೊಳ್ಳುವುದು ಜಾಣತನ, ಏಕೆಂದರೆ ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಕೆಲವು ಗಂಟೆ ದೊಡ್ಡ ಮೊತ್ತ ಕಳುಹಿಸಲು ಅನೇಕ ಬ್ಯಾಂಕುಗಳು ಬಿಡುವುದಿಲ್ಲ.

ನೆಫ್ಟ್‌ಗೆ ಕನಿಷ್ಠ ಮೊತ್ತವೆಂಬುದಿಲ್ಲ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ತಂಡಗಳಲ್ಲಿ (ಬ್ಯಾಚ್‌ಗಳಲ್ಲಿ) ಅದು ಸಾಗುತ್ತದೆ. 2019ರ ಡಿಸೆಂಬರ್ 16ರಿಂದ ರಜಾದಿನಗಳಲ್ಲೂ ಇದೆ. ನಿಮ್ಮ ಹಣ ಯಾವ ತಂಡದಲ್ಲಿ ಹೋಯಿತೋ ಆ ತಂಡದ ಲೆಕ್ಕ ತೀರಿದ ಎರಡು ಗಂಟೆಯೊಳಗೆ ಆಚೆಯ ಬ್ಯಾಂಕು ಜಮೆ ಮಾಡಬೇಕು, ಇಲ್ಲವೇ ವಾಪಸು ಕಳುಹಿಸಬೇಕು. ತಡ ಮಾಡಿದರೆ ರೆಪೊ ದರದ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರದ) ಮೇಲೆ ಶೇ. 2 ಸೇರಿಸಿ, ಗ್ರಾಹಕ ಕೇಳದಿದ್ದರೂ ಬಡ್ಡಿ ಕೊಡಬೇಕು. ಉಳಿತಾಯ ಖಾತೆಯಿಂದ ಆನ್‌ಲೈನಿನಲ್ಲಿ ಕಳುಹಿಸುವ ನೆಫ್ಟ್‌ಗೆ 2020ರ ಜನವರಿಯಿಂದ ಶುಲ್ಕವಿಲ್ಲ. ಆತುರವಿಲ್ಲದ ಪಾವತಿಗೆ ನನ್ನ ಆಯ್ಕೆ ಯಾವತ್ತೂ ಇದೇ. ತಪ್ಪಾದರೆ ಎಲ್ಲಿ ತಪ್ಪಿತು ಎಂಬುದು ಇದರಲ್ಲಿ ಬೇಗ ಗೊತ್ತಾಗುತ್ತದೆ.

ಐದು ಲಕ್ಷದೊಳಗಿನ ಹಣ ಆ ಕ್ಷಣವೇ ಮುಟ್ಟಬೇಕಾದರೆ 2010ರಲ್ಲಿ ಬಂದ ಐಎಂಪಿಎಸ್ ಇದೆ. ಇದರ ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಯುಪಿಐಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ತೆರಿಗೆ ಮುಂತಾದವಕ್ಕೆ ಐದು ಲಕ್ಷದವರೆಗೆ ಅವಕಾಶವಿದೆ. ಮಗನ ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ಕಟ್ಟುವಾಗ "ಲಿಮಿಟ್ ಮೀರಿದೆ" ಎಂದು ಬಂದರೆ, ಕಾಲೇಜು ಸರಿಯಾದ ವರ್ಗದಲ್ಲಿ ನೋಂದಾಯಿಸಿಕೊಂಡಿಲ್ಲದಿರಬಹುದು, ಅಥವಾ ನಿಮ್ಮ ಬ್ಯಾಂಕು ತನ್ನದೇ ಕಡಿಮೆ ಮಿತಿ ಇಟ್ಟಿರಬಹುದು.

ಚೆಕ್ಕನ್ನು ಮರೆತುಬಿಡುವ ಕಾಲ ಇನ್ನೂ ಬಂದಿಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಕ್ಲಿಯರಿಂಗ್ ತಂಡದಲ್ಲಿ ನಡೆಯದೆ ದಿನವಿಡೀ ನಿರಂತರವಾಗಿ ನಡೆಯುತ್ತಿದೆ. ಹಗಲಿನ ನಿಗದಿತ ಹೊತ್ತಿನೊಳಗೆ ಸ್ಕ್ಯಾನ್ ಆಗಿ ಹೋದ ಚೆಕ್ಕಿಗೆ ಆಚೆಯ ಬ್ಯಾಂಕು ಅದೇ ಸಂಜೆ ಏಳರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ನಾಳೆ ಖಾತೆಗೆ ಹಣ ತುಂಬಿದರಾಯಿತು ಎಂದುಕೊಂಡು ಇಂದು ಚೆಕ್ ಕೊಡುವ ಹಳೆಯ ರೂಢಿಗೆ ಇದರಿಂದ ಕುತ್ತು ಬಂದಿದೆ. ದೊಡ್ಡ ಮೊತ್ತದ ಚೆಕ್ ಕೊಟ್ಟಾಗ ಅದರ ಸಂಖ್ಯೆ, ದಿನಾಂಕ, ಹೆಸರು, ಮೊತ್ತವನ್ನು ಪಾಸಿಟಿವ್ ಪೇ ಸೌಲಭ್ಯದಲ್ಲಿ ಬ್ಯಾಂಕಿಗೆ ಮುಂಚಿತವಾಗಿ ತಿಳಿಸಿ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ ಈ ಸೌಲಭ್ಯವಿದೆ, ಐದು ಲಕ್ಷ ಹಾಗೂ ಮೇಲ್ಪಟ್ಟವಕ್ಕೆ ಬ್ಯಾಂಕು ಕಡ್ಡಾಯ ಮಾಡಬಹುದು.

ಸಾಲದ ಕಂತು, ವಿಮೆಯ ಪ್ರೀಮಿಯಂ ತಾನಾಗಿ ಕಡಿತವಾಗುವುದು ನ್ಯಾಚ್ ಎಂಬ ವ್ಯವಸ್ಥೆಯಲ್ಲಿ. 2021ರ ಆಗಸ್ಟ್ 1ರಿಂದ ಅದು ಭಾನುವಾರವೂ ನಡೆಯುತ್ತದೆ. ಆದ್ದರಿಂದ ಕಂತಿನ ಹಿಂದಿನ ಸಂಜೆಯೇ ಖಾತೆಯಲ್ಲಿ ಹಣವಿರಲಿ. ಚೆಕ್ ಬೌನ್ಸ್ ಆದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಎಂದು ತಿಳಿದವರು ಬಹಳ. ಹಣವಿಲ್ಲದೆ ನ್ಯಾಚ್ ಕಂತು ಮರಳಿದರೂ ಹೆಜ್ಜೆ 1ರಲ್ಲಿ ಹೇಳಿದ 2007ರ ಕಾಯ್ದೆಯ 25ನೇ ಕಲಮಿನಡಿ ಅದೇ ಬಗೆಯ ಶಿಕ್ಷೆಗೆ ಅವಕಾಶವಿದೆ.

ಹೆಜ್ಜೆ 3: ಖಾತೆಯ ವಿವರವನ್ನು ಎರಡು ಸಲ ನೋಡಿ

ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹೊರತು ನೀವು ಬರೆದ ಹೆಸರಿನ ಮೇಲಲ್ಲ. ಒಂದು ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ನಿಜವಾಗಿಯೂ ಯಾರದೋ ಹೆಸರಿನಲ್ಲಿದ್ದರೆ ಹಣ ಅವರಿಗೆ ಸೇರುತ್ತದೆ. 2025ರ ಏಪ್ರಿಲ್ ಹೊತ್ತಿಗೆ ಬ್ಯಾಂಕುಗಳು ಇವೆರಡಕ್ಕೂ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತ್ತು. ತೆರೆಯ ಮೇಲೆ ಬರುವ ಆ ಹೆಸರನ್ನು ಓದದೆ ಮುಂದಿನ ಗುಂಡಿ ಒತ್ತಬೇಡಿ. ದೊಡ್ಡ ಮೊತ್ತವಾದರೆ ಮೊದಲು ಒಂದು ರೂಪಾಯಿ ಕಳುಹಿಸಿ, ಬಂತೇ ಎಂದು ಫೋನಿನಲ್ಲಿ ಕೇಳಿ, ಆಮೇಲೆ ಉಳಿದದ್ದನ್ನು ಕಳುಹಿಸಿ.

ಐಎಫ್‌ಎಸ್‌ಸಿ ಎಂಬ ಹನ್ನೊಂದು ಅಕ್ಷರಗಳ ಗುರುತಿನಲ್ಲಿ ಮೊದಲ ನಾಲ್ಕು ಬ್ಯಾಂಕಿನದು, ಕೊನೆಯ ಆರು ಶಾಖೆಯದು, ನಡುವಿನ ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬರೆದು ಚಲನ್ ತಿರಸ್ಕಾರವಾಗುವುದು ಇಂದಿಗೂ ನಡೆಯುತ್ತದೆ. ಕರ್ನಾಟಕದವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಡೆಯುವುದಿಲ್ಲ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೆಯ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ತೆಗೆದು ಕಳುಹಿಸುವ ಬಂಧುಗಳಿಂದ ಈಗಿನ ಪಾಸ್‌ಬುಕ್ಕಿನದನ್ನೇ ಕೇಳಿ ಪಡೆಯಿರಿ.

ಹೆಜ್ಜೆ 4: ಯುಪಿಐ ಪಾವತಿಯ ಒಳಗನ್ನು ಒಮ್ಮೆ ನೋಡಿ

2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯುಪಿಐ 2025ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 2,000 ಕೋಟಿ ವಹಿವಾಟುಗಳ ಗಡಿ ದಾಟಿತು. ದರ್ಶಿನಿಯೊಂದರಲ್ಲಿ 15 ರೂಪಾಯಿಯ ಕಾಫಿಗೆ ನೀವು ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಆಗುವುದನ್ನು ಬಿಡಿಸಿ ನೋಡಿದರೆ, ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಕ್ಯೂಆರ್‌ನಲ್ಲಿರುವುದು ಅಂಗಡಿಯವರ ಯುಪಿಐ ವಿಳಾಸ. ಆ್ಯಪ್ ಅದನ್ನು ಓದಿ, ತನ್ನ ಹಿಂದಿರುವ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಕಳುಹಿಸುತ್ತದೆ. ಆ ವಿಳಾಸದ ಹಿಂದಿನ ಖಾತೆ ಯಾವುದೆಂದು ಅಂಗಡಿಯವರ ಕಡೆಯ ಬ್ಯಾಂಕಿನಿಂದ ಎನ್‌ಪಿಸಿಐ ಕೇಳಿ ತಿಳಿಯುತ್ತದೆ. ನೀವು ಒತ್ತಿದ ಪಿನ್ ಗೂಢಲಿಪಿಯಲ್ಲಿ ನಿಮ್ಮ ಖಾತೆಯಿರುವ ಬ್ಯಾಂಕಿಗೆ ಹೋಗುತ್ತದೆ. ಪಿನ್ ಸರಿಯಿದೆಯೇ, ಹಣವಿದೆಯೇ ಎಂದು ನೋಡಿ ಅದು 15 ರೂಪಾಯಿ ಕಡಿತ ಮಾಡಿ "ಆಯಿತು" ಎನ್ನುತ್ತದೆ. ಅನಂತರ ಎನ್‌ಪಿಸಿಐ ಅಂಗಡಿಯವರ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ಆ ಬ್ಯಾಂಕು ಒಪ್ಪಿದ ಉತ್ತರ ಮರಳಿ ಬಂದ ಮೇಲೆ ನಿಮ್ಮ ತೆರೆಯಲ್ಲಿ ಹಸಿರು ಗುರುತು, ಅಂಗಡಿಯ ಡಬ್ಬದಲ್ಲಿ "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ" ಎಂಬ ಧ್ವನಿ. ಬ್ಯಾಂಕುಗಳ ನಡುವಿನ ಬಾಕಿ ತೀರುವುದು ಆಮೇಲೆ, ದಿನದ ಹಲವು ಸುತ್ತುಗಳಲ್ಲಿ ಯಾವುದಾದರೊಂದರಲ್ಲಿ.

ಕಡಿತವಾಗುವ ಮೊದಲೇ ಎಲ್ಲಾದರೂ ತಡೆಯಾದರೆ ಹಣ ಹೋಗಿರುವುದಿಲ್ಲ, ಮತ್ತೆ ಪ್ರಯತ್ನಿಸಬಹುದು. ಕಡಿತವಾಗಿ, ಆಚೆಯ ಬ್ಯಾಂಕು ಜಮೆ ನಿರಾಕರಿಸಿದರೆ ಹಣ ತಾನಾಗಿ ಮರಳುತ್ತದೆ. ತೊಂದರೆ ಇರುವುದು ಮೂರನೆಯ ಸ್ಥಿತಿಯಲ್ಲಿ: ಕಡಿತವಾಗಿದೆ, ಆಚೆಯಿಂದ ಉತ್ತರವೇ ಇಲ್ಲ. ಜಮೆಯಾಗಿ ಉತ್ತರ ಮಾತ್ರ ದಾರಿಯಲ್ಲಿ ತಪ್ಪಿತೋ, ಜಮೆಯೇ ಆಗಲಿಲ್ಲವೋ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ಪ್ರಕ್ರಿಯೆಯಲ್ಲಿದೆ" ಎಂಬ ಹಳದಿ ಗುರುತಿನ ಅರ್ಥ ಇದು. ಆಗ ಮತ್ತೆ ಅದೇ ಮೊತ್ತ ಕಳುಹಿಸಿದರೆ ಎರಡೂ ಜಮೆಯಾಗುವ ಸಂಭವವಿದೆ. ಕಾಫಿಯ ದುಡ್ಡಾದರೆ ನಗದು ಕೊಟ್ಟು ನಡೆಯಿರಿ. ಬಾಡಿಗೆಯೋ ಮುಂಗಡವೋ ಆಗಿದ್ದರೆ ಅಂತಿಮ ಸ್ಥಿತಿ ತಿಳಿಯುವವರೆಗೆ ಕಾಯುವುದೇ ಲೇಸು. ಆ ಹೊತ್ತಿನಲ್ಲಿ ಬ್ಯಾಲೆನ್ಸ್ ಎಷ್ಟಿದೆ ಎಂದು ಮತ್ತೆ ಮತ್ತೆ ಒತ್ತಿ ನೋಡುವುದರಿಂದ ಪ್ರಯೋಜನವಿಲ್ಲ. 2025ರ ಆಗಸ್ಟ್‌ನಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಹಾಗೆ ನೋಡಲು ಅವಕಾಶ, ಏಕೆಂದರೆ ಇಂತಹ ವಿಚಾರಣೆಗಳೇ ವ್ಯವಸ್ಥೆಯ ಮೇಲೆ ಹೊರೆಯಾಗುತ್ತವೆ.

ಅಂಗಡಿ ನಡೆಸುವವರಿಗೆ ಒಂದು ಮಾತು: ಗ್ರಾಹಕ ತೋರಿಸುವ ಮೊಬೈಲ್ ತೆರೆಯನ್ನು ನಂಬದೆ ನಿಮ್ಮ ಡಬ್ಬದ ಧ್ವನಿಯನ್ನೋ ಖಾತೆಯ ವಿವರವನ್ನೋ ನಂಬಿ. ಅಂತಹ ತೆರೆಯನ್ನು ನಕಲು ಮಾಡುವ ಆ್ಯಪ್‌ಗಳು ಹರಿದಾಡುತ್ತಿವೆ.

ಆ್ಯಪ್ ಎಂದರೆ ಬ್ಯಾಂಕಲ್ಲ ಎಂಬುದೂ ಇಲ್ಲಿ ಸ್ಪಷ್ಟವಾಗಬೇಕು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಬೇರೆ ಬ್ಯಾಂಕುಗಳಲ್ಲಿ ಖಾತೆ ಇದ್ದವರ ಫೋನ್‌ಪೇ ಕೂಡ ಸ್ಥಗಿತವಾಯಿತು. ಬೆಂಗಳೂರಿನ ಆ ಸಂಸ್ಥೆ ಆಗ ಯುಪಿಐಗೆ ಯೆಸ್ ಬ್ಯಾಂಕಿನ ಮೂಲಕವೇ ಜೋಡಣೆಯಾಗಿತ್ತು. ಬಳಕೆದಾರರ ಹಣವೆಲ್ಲ ಅವರವರ ಬ್ಯಾಂಕಿನಲ್ಲಿ ಭದ್ರವಾಗಿಯೇ ಇತ್ತು, ಅದನ್ನು ತಲುಪುವ ಒಂದು ದಾರಿ ಮುಚ್ಚಿತ್ತು ಅಷ್ಟೆ. ಎರಡು ಬೇರೆ ಆ್ಯಪ್‌ಗಳನ್ನು, ಸಾಧ್ಯವಾದರೆ ಎರಡು ಬ್ಯಾಂಕಿನ ಖಾತೆಗಳನ್ನು ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕಾಗಿ.

ಬ್ಯಾಂಕುಗಳಿಗೆ ಈ ವ್ಯವಸ್ಥೆ ಏಕೆ ಮುಖ್ಯ ಎಂಬುದು ಲೆಕ್ಕಪತ್ರದಲ್ಲಿ ಬೇರೆಯಾಗಿಯೇ ಕಾಣುತ್ತದೆ. ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ ಎಂಬ ನಿಯಮ 2020ರ ಜನವರಿಯಿಂದ ಇದೆ. ಅಂದರೆ ದಿನಕ್ಕೆ ಕೋಟಿಗಟ್ಟಲೆ ಸಂದೇಶಗಳಿಗೆ ಉತ್ತರಿಸುವ ಸರ್ವರುಗಳ ಖರ್ಚಿಗೆ ನೇರ ಆದಾಯವಿಲ್ಲ. ಹಾಗಿದ್ದೂ ಯಾವ ಬ್ಯಾಂಕೂ ಇದರಿಂದ ಹಿಂದೆ ಸರಿಯದಿರುವುದಕ್ಕೆ ಕಾರಣ ಠೇವಣಿ. ಎಲ್ಲಿ ವ್ಯಾಪಾರದ ಹಣ ಬಂದು ಬೀಳುತ್ತದೋ ಅಲ್ಲಿಯೇ ಅದು ಒಂದೆರಡು ದಿನವಾದರೂ ತಂಗುತ್ತದೆ, ಚಾಲ್ತಿ ಖಾತೆಯಲ್ಲಿ ತಂಗಿದ ಹಣಕ್ಕೆ ಬ್ಯಾಂಕು ಬಡ್ಡಿ ಕೊಡಬೇಕಾಗಿಲ್ಲ, ಆ ಖಾತೆಯ ಜಮೆ-ಖರ್ಚನ್ನು ನೋಡಿಯೇ ನಾಳೆ ಸಾಲವನ್ನೂ ಕೊಡಬಹುದು. ಪಾವತಿಯಲ್ಲಿ ಪದೇ ಪದೇ ಎಡವುವ ಬ್ಯಾಂಕಿನಿಂದ ಗ್ರಾಹಕ ಮೊದಲು ಕ್ಯೂಆರ್ ಕಿತ್ತು ಬೇರೆಯದನ್ನು ಅಂಟಿಸುತ್ತಾನೆ, ಹಿಂದೆಯೇ ಠೇವಣಿಯೂ ಹೋಗುತ್ತದೆ.

ಹೆಜ್ಜೆ 5: ಹಣ ಸಿಕ್ಕಿಕೊಂಡರೆ ಗಡುವು ನೋಡಿ ಕೇಳಿ

ಮೊದಲು ವಹಿವಾಟಿನ ಗುರುತು ಸಂಖ್ಯೆ ಬರೆದಿಟ್ಟುಕೊಳ್ಳಿ. ಯುಪಿಐ, ಐಎಂಪಿಎಸ್‌ಗಳಲ್ಲಿ ಅದು 12 ಅಂಕಿಗಳದು, ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಯುಟಿಆರ್ ಎನ್ನುತ್ತಾರೆ. ಈ ಸಂಖ್ಯೆಯಿಲ್ಲದೆ ಬ್ಯಾಂಕಿನಲ್ಲಿ ಹುಡುಕಾಟ ಮುಂದುವರಿಯುವುದೇ ಕಷ್ಟ.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವುಗಳಿವೆ. ವ್ಯಕ್ತಿಗೆ ಕಳುಹಿಸಿದ ಯುಪಿಐ ಅಥವಾ ಐಎಂಪಿಎಸ್ ಹಣ ಕಡಿತವಾಗಿ ಜಮೆಯಾಗದಿದ್ದರೆ ವಹಿವಾಟಿನ ಮರುದಿನದೊಳಗೆ ಮರಳಬೇಕು. ಅಂಗಡಿಗೆ ಮಾಡಿದ ಯುಪಿಐ ಪಾವತಿಗೆ ಐದು ದಿನ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಕಡಿತವಾಗಿದ್ದರೂ ಐದು ದಿನ. ಗಡುವು ಮೀರಿದ ಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕ ಕೇಳದಿದ್ದರೂ ಜಮೆ ಮಾಡಬೇಕು. ಕೇಳದೆ ಬಂದರೆ ಒಳ್ಳೆಯದು. ಬಾರದಿದ್ದರೆ ಸುತ್ತೋಲೆಯ ದಿನಾಂಕ ನಮೂದಿಸಿ ಬರವಣಿಗೆಯಲ್ಲಿ ಕೇಳಿ.

ನೀವೇ ತಪ್ಪು ವ್ಯಕ್ತಿಗೆ ಕಳುಹಿಸಿದ್ದರೆ ಈ ಗಡುವುಗಳು ಅನ್ವಯಿಸುವುದಿಲ್ಲ. ಅದು ವ್ಯವಸ್ಥೆಯ ದೃಷ್ಟಿಯಲ್ಲಿ ಸರಿಯಾಗಿ ಮುಗಿದ ಪಾವತಿ. ಬ್ಯಾಂಕು ಆಚೆಯ ಬ್ಯಾಂಕಿನ ಮೂಲಕ ಪಡೆದವರನ್ನು ಸಂಪರ್ಕಿಸಿ ಕೇಳಬಹುದೇ ಹೊರತು, ಅವರ ಒಪ್ಪಿಗೆಯಿಲ್ಲದೆ ತಾನಾಗಿ ಎಳೆದುಕೊಡಲಾರದು. ಎಷ್ಟು ಬೇಗ ದೂರು ಕೊಟ್ಟರೆ ಹಣ ಆ ಖಾತೆಯಲ್ಲಿಯೇ ಉಳಿದಿರುವ ಸಂಭವ ಅಷ್ಟು ಹೆಚ್ಚು.

ಮೋಸ ಹೋಗಿದ್ದರೆ ಶಾಖೆ ತೆರೆಯುವವರೆಗೆ ಕಾಯಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿನ ಸಹಾಯವಾಣಿಗೂ ತಿಳಿಸಿ. ಕದ್ದ ಹಣವನ್ನು ನಿಮಿಷಗಳೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುತ್ತಾರೆ. ಅದು ನಗದಾಗಿ ಹೊರಬೀಳುವ ಮೊದಲು ಯಾವುದಾದರೊಂದು ಖಾತೆಯಲ್ಲಿ ತಡೆಹಿಡಿಯಬೇಕು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ. ಊರಿನಲ್ಲಿ ಹೆಬ್ಬೆಟ್ಟು ಒತ್ತಿ ಪಿಂಚಣಿ ಪಡೆಯುವ ಹಿರಿಯರಿದ್ದರೆ, ಬಳಸದ ದಿನಗಳಲ್ಲಿ ಅವರ ಆಧಾರ್ ಬಯೋಮೆಟ್ರಿಕ್ಕಿಗೆ ಲಾಕ್ ಹಾಕಿಕೊಡಿ.

ಹೆಜ್ಜೆ 6: ಬ್ಯಾಂಕು ಕಿವಿಗೊಡದಿದ್ದರೆ

ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸಿ ಬಗೆಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲಿ ಸಲ್ಲಿಸಬಹುದು, 14448ಕ್ಕೆ ಕರೆ ಮಾಡಿ ವಿಚಾರಿಸಬಹುದು. ಆದರೆ ಬ್ಯಾಂಕಿಗೆ ಮೊದಲು ದೂರು ಕೊಟ್ಟಿರಬೇಕು, ಅದಕ್ಕೆ ಪುರಾವೆಯೂ ಇರಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೂರಿನಲ್ಲಿ ವಹಿವಾಟಿನ ದಿನಾಂಕ ಮತ್ತು ಸಮಯ, ಮೊತ್ತ, ಗುರುತು ಸಂಖ್ಯೆ, ಯಾವ ದಾರಿಯಲ್ಲಿ ಕಳುಹಿಸಿದ್ದು, ಬ್ಯಾಂಕು ಕೊಟ್ಟ ದೂರಿನ ಸಂಖ್ಯೆ, ಗಡುವು ಯಾವ ದಿನ ಮುಗಿಯಿತು ಮತ್ತು ಎಷ್ಟು ದಿನದ ಪರಿಹಾರ ಬರಬೇಕು ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಖಾತೆಯ ವಿವರದ ಆ ಪುಟವನ್ನು ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿದ ನಕಲು ಪ್ರತಿಯನ್ನು ಶಾಖೆಯಿಂದ ಕೇಳಿ ಪಡೆಯಿರಿ. ಇ-ಮೇಲ್ ಮಾಡಿದ್ದರೆ ಅದರ ಪ್ರತಿಯನ್ನು ಇಟ್ಟುಕೊಳ್ಳಿ.